ನಾನು ಶ್ರವಣಕುಮಾರ ಅಲ್ಲ

ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ, ಊಟ ಗೀಟ ಮುಗಿಸಿ ಓದಿ.

ಹೋದ ಬುಧವಾರ ನನ್ನ ಮಗ ತೆಗೆದ ಒಂದು ಫೋಟೊ ನಾಲ್ಕೈದು ವಾಟ್ಸಾಪ್ ಗ್ರೂಪು ಸುತ್ತಿ ಕೊನೆಗೆ ನನಗೇ ವಾಪಸ್ ಬಂದಿದೆ. 79 ವರ್ಷದ ನಮ್ಮಪ್ಪನ್ನ ಪ್ಲಾಸ್ಟಿಕ್ ಕುರ್ಚಿ ಸಮೇತ ನಾನೂ ಒಬ್ಬ ಸೆಕ್ಯುರಿಟಿ ಹುಡುಗನೂ ಎತ್ಕೊಂಡು ಫುಟ್‌ಬಾಲ್ ಸ್ಟೇಡಿಯಂ ಮೆಟ್ಟಿಲು ಹತ್ತುತ್ತಾ ಇರೋ ಫೋಟೊ. ಕೆಳಗೆ ಯಾರೋ ಪುಣ್ಯಾತ್ಮರು "ಕಲಿಯುಗದ ಶ್ರವಣಕುಮಾರ" ಅಂತ ಬರೆದಿದ್ದಾರೆ. ಇನ್ನೊಬ್ಬರು "ಇಂಥ ಮಗನ್ನ ಪಡೆಯೋಕೆ ಏಳು ಜನ್ಮದ ಪುಣ್ಯ ಬೇಕು" ಅಂದಿದ್ದಾರೆ. ನಮ್ಮ ಆಫೀಸಿನ ಗ್ರೂಪಲ್ಲಿ ಕೈ ಮುಗಿದ ಗೊಂಬೆಗಳ ಸಾಲೇ ಬಿದ್ದಿತ್ತು.

ಪ್ರೀತಿಯಿಂದ ಹಾಕಿದ್ದೀರಿ, ಬೇಜಾರಿಲ್ಲ. ಆದ್ರೆ ಈ ಶ್ರವಣಕುಮಾರನ ಪಟ್ಟ ನನಗೆ ಬೇಡ. ಕಾವಡಿ ಹೊತ್ತವನನ್ನ ಹೊಗಳೋದು ನಮ್ಮ ದೇಶದಲ್ಲಿ ಬಹಳ ಸುಲಭ. ಅವನು ಹೊರೋ ಥರ ಮಾಡಿದ್ದು ಏನು ಅಂತ ಕೇಳೋದು ಕಷ್ಟ. ಆ ಫೋಟೊದಲ್ಲಿ ನೀವು ನೋಡಿದ್ದು ಮಗನ ಭಕ್ತಿ. ನನಗೆ ಕಾಣೋದು 23 ಮೆಟ್ಟಿಲು. ಎಣಿಸಿದ್ದೀನಿ. ಗೇಟಿನಿಂದ ಗ್ಯಾಲರಿ ಬಾಗಿಲವರೆಗೆ 23, ಅಲ್ಲಿಂದ ಸೀಟಿಗೆ ಮತ್ತೆ 14. ಮೊದಲ 23ಕ್ಕೆ ಒಂದೇ ಕಡೆ ಕಂಬಿ, ಆಮೇಲಿನ 14ಕ್ಕೆ ಕಂಬಿ ಅನ್ನೋದೇ ಇಲ್ಲ.

ಯಾವ ಸ್ಟೇಡಿಯಂ ಅಂತ ಇನ್ಬಾಕ್ಸಲ್ಲಿ ಕೇಳ್ತಿದ್ದೀರಿ. ಹೆಸರು ಹಾಕಲ್ಲ. ಹಾಕಿದ್ರೆ ನಾಳೆ ಚರ್ಚೆ ಆ ಒಂದು ಕಟ್ಟಡದ ಬಗ್ಗೆ ನಡೆಯುತ್ತೆ, ಅಲ್ಲಿಯ ಮ್ಯಾನೇಜರ್ ಒಂದು ಸ್ಪಷ್ಟೀಕರಣ ಕೊಡ್ತಾರೆ, ಅಲ್ಲಿಗೆ ಮುಗೀತು.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಾವು ಮೂಲ ಮಾಲೂರು ಕಡೆಯವರು. ಅಪ್ಪ 1964ರಲ್ಲಿ ಬೆಂಗಳೂರಿಗೆ ಬಂದಾಗ ಹದಿನೆಂಟು ವರ್ಷ. ಸೋದರಮಾವನ ಮನೆಯಲ್ಲಿದ್ದು ಕಸ ಗುಡಿಸೋ ಕೆಲಸಕ್ಕೆ ಸೇರಿಕೊಂಡ. ಬೆಳಗಿನ ಜಾವ ಹೋದ್ರೆ ಮಧ್ಯಾಹ್ನ ಒಂದು ಗಂಟೆಗೆ ಬಿಡುಗಡೆ. ಸ್ನಾನ, ಮುದ್ದೆ, ಒಂದು ನಿದ್ದೆ, ಆಮೇಲೆ ಕಾಲೋನಿ ಮೈದಾನ. ಬರಿಗಾಲಲ್ಲೇ ಆಟ. ಅಪ್ಪ ಇವತ್ತಿಗೂ ತನ್ನ ಜಾಗನ "ರೈಟ್ ಆಫು" ಅಂತಾನೆ. ಆ ಜಾಗಕ್ಕೆ ಈಗ ಬೇರೆ ಬೇರೆ ಹೆಸರು ಬಂದಿದೆ ಅಂತ ಮೊಮ್ಮಗ ಹೇಳಿದ್ರೆ "ಹೆಸರು ಏನಾದ್ರೂ ಇಟ್ಕೊಳ್ಳಿ, ಓಡೋದು ಅಷ್ಟೇ ತಾನೆ" ಅಂತಾನೆ.

ಬರಿಗಾಲು ಅಂದ್ರೆ ನಗಬೇಡಿ. 1948ರ ಲಂಡನ್ ಒಲಿಂಪಿಕ್ಸಲ್ಲಿ ಇಂಡಿಯಾ ಟೀಮಿನ ಬಹುಪಾಲು ಆಟಗಾರರು ಬರಿಗಾಲಲ್ಲೇ ಆಡಿದ್ದು. ಫ್ರಾನ್ಸ್ ವಿರುದ್ಧ 2-1ರಿಂದ ಸೋತ್ರೂ ಒಲಿಂಪಿಕ್ಸಲ್ಲಿ ಇಂಡಿಯಾದ ಮೊಟ್ಟಮೊದಲ ಫುಟ್‌ಬಾಲ್ ಗೋಲು ಅವತ್ತೇ ಬಂದಿದ್ದು, ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಕ್ರಿಕೆಟ್ಟಿನ ದಾಖಲೆಗಳನ್ನ ಬಾಯಿಪಾಠ ಹೇಳೋ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲ. ಹಲಸೂರು ಹತ್ರ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಬಾಬಾಸಾಹೇಬರು, ಮದರ್ ತೆರೇಸಾ, ಅವರ ಜೊತೆಗೆ ಪೆಲೆ! ನಮ್ಮ ಕೇರಿಗಳು ಯಾರನ್ನ ಮನೆಯವರು ಅಂತ ಒಪ್ಪಿಕೊಂಡಿವೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಚೆಂಡು ಒಂದಿದ್ರೆ ಇಪ್ಪತ್ತು ಜನ ಆಡಬಹುದಾದ ಆಟ ಇದು. ಬ್ಯಾಟು, ಪ್ಯಾಡು, ಗ್ಲೌಸು, ಕ್ಲಬ್ ಮೆಂಬರ್‌ಶಿಪ್ಪು ಯಾವುದೂ ಬೇಡ.

ಆಡೋದು ಒಂದಾದ್ರೆ ನೋಡೋದು ಇನ್ನೊಂದು. ಅಪ್ಪ ಯಾವತ್ತೂ ಹೇಳೋ ಮಾತು ಒಂದಿದೆ. ಊರಲ್ಲಿ ನಾಟಕ ಆಡಿದ್ರೆ ನಮ್ಮೋರು ದೂರದಲ್ಲಿ, ಗುಡಿಯ ಹಿಂದಿನ ದಿಬ್ಬದ ಮೇಲೆ ಕೂತು ನೋಡಬೇಕಿತ್ತು. ಮಾತು ಕೇಳಿಸ್ತಿರಲಿಲ್ಲ, ಬರೀ ಹಾರ್ಮೋನಿಯಂ ಕೇಳಿಸೋದು. ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾರೋ ಫುಟ್‌ಬಾಲ್ ಮ್ಯಾಚ್‌ಗೆ ಕರ್ಕೊಂಡು ಹೋದ್ರಂತೆ. ಕಡಿಮೆ ರೇಟಿನ ಟಿಕೆಟ್ಟು, ನಿಂತ್ಕೊಂಡೇ ನೋಡೋ ಜಾಗ. ಗೋಲು ಬಿದ್ದ ತಕ್ಷಣ ಪಕ್ಕದಲ್ಲಿದ್ದ, ಮುಖ ಪರಿಚಯವೂ ಇಲ್ಲದ ಒಬ್ಬ ಮನುಷ್ಯ ಅಪ್ಪನ್ನ ತಬ್ಬಿಕೊಂಡು ಎತ್ತಿಬಿಟ್ಟನಂತೆ. "ಊರಲ್ಲಿ ನಮ್ಮನ್ನ ಯಾರೂ ಹಂಗೆ ಮುಟ್ಟಿದ್ದಿಲ್ಲ ಕಣೋ ಮಗಾ" ಅಂತ ಅಪ್ಪ ಹೇಳ್ತಾನೆ. ಯಾರು ಗೆದ್ರು ಅಂತ ಕೇಳಿದ್ರೆ ನೆನಪಿಲ್ಲ. ಅದು ಮಾತ್ರ ನೆನಪಿದೆ.

ಇದನ್ನ ಅರ್ಥ ಮಾಡ್ಕೊಂಡ್ರೆ, "ಟಿವಿಲಿ ಬರುತ್ತಲ್ಲ, ಮನೇಲೇ ನೋಡಬಹುದಲ್ಲ" ಅನ್ನೋ ಮಾತಿಗೆ ನಾನು ಯಾಕೆ ಸಿಟ್ಟಾಗ್ತೀನಿ ಅಂತ ಗೊತ್ತಾಗುತ್ತೆ. ಟಿವಿ ತಬ್ಬಿಕೊಳ್ಳಲ್ಲ ಸ್ವಾಮಿ.

ಈಗ ಸಂವಿಧಾನಕ್ಕೆ ಬರ್ತೀನಿ. 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡಿ. ಜಾತಿ, ಧರ್ಮ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾರನ್ನೂ ತಡೀಬಾರದು ಅಂತ ಹೇಳೋವಾಗ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಷ್ಟೇ ಹೇಳಿಲ್ಲ. ಅಂಗಡಿ, ಹೋಟೆಲ್ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನೂ ಸೇರಿಸಿದ್ದಾರೆ. ನಮ್ಮ ಭಾಷಣಗಳಲ್ಲಿ ನಾವು ಯಾವಾಗಲೂ ನೀರಿನ ಹತ್ರ ನಿಂತುಬಿಡ್ತೀವಿ. ಮಹಾಡ್, ಚೌದಾರ್ ಕೆರೆ, 1927. ಸರಿ, ನೀರು ಮೊದಲು. ಆದ್ರೆ ನೀರಿನ ಜೊತೆಗೇ ಮನರಂಜನೆಯೂ ಆ ಸಾಲಿನಲ್ಲಿ ಕೂತಿದೆ. ಹೊಟ್ಟೆಗೆ ಬಿದ್ರೆ ಸಾಕು, ಇವರಿಗೆ ನಾಟಕ ಯಾಕೆ, ಆಟ ಯಾಕೆ ಅನ್ನೋ ಮನಸ್ಸು ಈ ದೇಶದಲ್ಲಿ ಎಷ್ಟು ಗಟ್ಟಿಯಾಗಿದೆ ಅಂತ ಗೊತ್ತಿದ್ದವರು ಮಾತ್ರ ಹಾಗೆ ಬರೀಬಹುದು. ಪಲ್ವಂಕರ್ ಬಾಲೂ ಅವರನ್ನೇ ನೆನಪಿಸಿಕೊಳ್ಳಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತೆಗೆದ ಬೌಲರ್. ಅಂಥವರಿಗೂ ಪೂನಾದಲ್ಲಿ ಟೀ ಕೊಡ್ತಾ ಇದ್ದಿದ್ದು ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ.

ನಮ್ಮಪ್ಪನಿಗೆ ಸ್ಟೇಡಿಯಂ ಬಾಗಿಲು ಜಾತಿ ಕೇಳಲಿಲ್ಲ. ಅದು ಒಂದು ಕಾಲ. ಈಗ ಅದೇ ಬಾಗಿಲು ಮಂಡಿ ಕೇಳ್ತಿದೆ. ಮಂಡಿ ಎಲ್ಲಿಂದ ತರೋದು? 34 ವರ್ಷ ಬಗ್ಗಿ ಗುಡಿಸಿ ಸವೆದುಹೋಗಿದೆ.

ಇಲ್ಲೊಂದು ಮಾತು ಬಿಡದೆ ಹೇಳಬೇಕು. ಮುಪ್ಪು ಎಲ್ಲರಿಗೂ ಒಂದೇ ಥರ ಬರಲ್ಲ. ನಮ್ಮ ಆಫೀಸಿನ ರಿಟೈರ್ಡ್ ಸಾಹೇಬರೊಬ್ಬರಿಗೆ ಅಪ್ಪನ ವಯಸ್ಸೇ, ಬೆಳಿಗ್ಗೆ ಐದು ಸುತ್ತು ವಾಕಿಂಗ್ ಮಾಡ್ತಾರೆ. ಅವರ ಬಗ್ಗೆ ಹೊಟ್ಟೆಕಿಚ್ಚಿಲ್ಲ, ನೂರು ವರ್ಷ ಬಾಳಲಿ. ಆದ್ರೆ ಧೂಳು ಕುಡಿದ ಶ್ವಾಸಕೋಶ, ಚರಂಡಿ ನೀರಲ್ಲಿ ನೆಂದ ಪಾದ, ಗಾಡಿ ತಳ್ಳಿ ಸವೆದ ಸೊಂಟ ಇರೋ ಮನುಷ್ಯನಿಗೆ ಅರವತ್ತಕ್ಕೇ ಎಂಬತ್ತರ ದೇಹ ಬಂದಿರುತ್ತೆ. ಊರನ್ನ ಕ್ಲೀನ್ ಇಟ್ಟವನು ಊರಿನ ಮೆಟ್ಟಿಲು ಹತ್ತಲಾರ. ಕಟ್ಟಡ ಕಟ್ಟೋರ ತಲೆಯಲ್ಲಿರೋ ಪ್ರೇಕ್ಷಕ ಮಾತ್ರ ಯಾವಾಗಲೂ ಇಪ್ಪತ್ತೈದರ ಹುಡುಗ.

ಕಾಯ್ದೆ ಏನು ಹೇಳುತ್ತೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕು, ಮನರಂಜನೆ ಎಲ್ಲರ ಜೊತೆ ಸಮಾನವಾಗಿ ಸಿಗೋ ಹಾಗೆ ಸರ್ಕಾರ ಕ್ರಮ ತಗೋಬೇಕು ಅನ್ನುತ್ತೆ. 45ನೇ ಸೆಕ್ಷನ್, ಈಗಾಗಲೇ ಇರೋ ಸಾರ್ವಜನಿಕ ಕಟ್ಟಡಗಳನ್ನ ನಿಯಮ ಬಂದ ಐದು ವರ್ಷದೊಳಗೆ ಎಲ್ಲರೂ ಬಳಸೋ ಥರ ಮಾಡಬೇಕು ಅನ್ನುತ್ತೆ. ನಿಯಮ ಬಂದಿದ್ದು ಜೂನ್ 2017. ಐದು ವರ್ಷ ಮುಗಿದಿದ್ದು ಜೂನ್ 2022. ನವೆಂಬರ್ 2024ರಲ್ಲಿ ಸುಪ್ರೀಂ ಕೋರ್ಟ್, ರಜೀವ್ ರತೂರಿ ಅವರ ಕೇಸಿನಲ್ಲಿ, ಆ ನಿಯಮಗಳು ಬರೀ ಸಲಹೆಯ ಥರ ಇವೆ, ಇದು ಕಾಯ್ದೆಗೇ ವಿರುದ್ಧ, ಕಡ್ಡಾಯ ಮಾಡಿ, ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಕೋರ್ಟಿಗೂ ಗೊತ್ತಾಯ್ತು, "ಮಾಡಬಹುದು" ಅಂದ್ರೆ ಯಾರೂ ಮಾಡಲ್ಲ ಅಂತ.

"ನಿಮ್ಮಪ್ಪನ ಹತ್ರ ಅಂಗವಿಕಲರ ಕಾರ್ಡ್ ಇದೆಯಾ?" ಅಂತ ಒಬ್ಬ ಗೆಳೆಯರು ಕೇಳಿದ್ರು. ಇಲ್ಲ. ಪಿಂಚಣಿ, ಬಸ್ ಪಾಸಿಗೆ ಕಾರ್ಡ್ ಕೇಳಲಿ, ಸರಿ. ಇಳಿಜಾರಿಗೆ ಕಾರ್ಡ್ ಯಾಕೆ? ಒಂದು ಸಲ ಕಟ್ಟಿದ್ರೆ ಬಸುರಿ ಹೆಂಗಸಿಗೂ ಆಯ್ತು, ಕಾಲು ಮುರಿದ ಹುಡುಗನಿಗೂ ಆಯ್ತು, ಕಂಕುಳಲ್ಲಿ ಮಗು ಇರೋ ತಾಯಿಗೂ ಆಯ್ತು.

ಇನ್ನೊಂದು ಕಾಯ್ದೆ 2007ರದ್ದು, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯ್ದೆ. ಅದರಲ್ಲಿ ಪೋಷಣೆ ಅಂದ್ರೆ ಏನು ಅಂತ ಬರೆದಿದೆ: ಊಟ, ಬಟ್ಟೆ, ವಾಸ, ವೈದ್ಯಕೀಯ ಆರೈಕೆ. ಅಲ್ಲಿಗೆ ನಿಂತುಹೋಯ್ತು. ಬೇಕಾದ ಕಾಯ್ದೆನೇ, ತಂದೆತಾಯಿನ ಬೀದಿಗೆ ಬಿಡೋ ಮಕ್ಕಳು ಇದಾರಲ್ಲ. ಆದ್ರೆ ನಮ್ಮ ಸಮಾಜ ಮುದುಕರನ್ನ ನೋಡೋದೂ ಇದೇ ನಾಲ್ಕು ಪದದಲ್ಲಿ. ಮುದ್ದೆ ಹಾಕಿದ್ಯಾ, ಮಾತ್ರೆ ಕೊಟ್ಯಾ, ಮುಗೀತು. ಅವರಿಗೆ ಏನು ಇಷ್ಟ ಅಂತ ಕೇಳೋರಿಲ್ಲ. ಕೇಳಿದ್ರೂ ದೇವಸ್ಥಾನ, ತೀರ್ಥಯಾತ್ರೆ. ಮಾತ್ರೆಗೆ ಅಂದ್ರೆ ರಜೆ ಸಿಗುತ್ತೆ, ಮ್ಯಾಚ್‌ಗೆ ಅಂದ್ರೆ ನಗ್ತಾರೆ. ನಾನು ಅರ್ಧ ದಿನ ಸಿಎಲ್ ಬರೆದುಕೊಟ್ಟಾಗ ಸೂಪರಿಂಟೆಂಡೆಂಟರು "ಅಪ್ಪನ್ನ ಆಸ್ಪತ್ರೆಗಾ?" ಅಂದ್ರು. "ಇಲ್ಲ ಸರ್, ಮ್ಯಾಚ್‌ಗೆ" ಅಂದೆ. ಪೆನ್ನು ಕೈಯಲ್ಲೇ ಇತ್ತು, ಒಂದು ನಿಮಿಷ ಸೈನ್ ಹಾಕಲಿಲ್ಲ.

ನಮ್ಮ ಚಳವಳಿಯ ಸಂಗಾತಿಗಳೂ ಕಮ್ಮಿ ಇಲ್ಲ. "ಏನಣ್ಣ, ಒಳಮೀಸಲಾತಿ ವಿಷಯ ಇಷ್ಟು ಬಿಸಿ ಇರೋವಾಗ ಫುಟ್‌ಬಾಲಾ?" ಅಂತ ಒಬ್ಬ ತಮ್ಮ ಕಾಮೆಂಟ್ ಹಾಕಿದ್ದಾನೆ. ಅದಕ್ಕೂ ಬರ್ತೀನಿ, ಧರಣಿಗೂ ಬರ್ತೀನಿ, ಬಂದಿದ್ದೀನಿ ಕೂಡ. ಆದ್ರೆ ತಮ್ಮಾ, ನಮ್ಮ ಹಿರಿಯರು ಬರೀ ಧರಣಿ ಕೂರೋಕೆ ಹುಟ್ಟಿದ್ದಾ? ಮೆರವಣಿಗೆಯಲ್ಲಿ ಮುಂದೆ ನಿಲ್ಲಿಸಿ ಶಾಲು ಹೊದಿಸೋಕೆ ಬೇಕು, ಸಂಜೆ ಎರಡು ಗಂಟೆ ಖುಷಿಯಾಗಿರೋದು ಬೇಡ ಅಂದ್ರೆ ಹೇಗೆ?

ಎಲ್ಲರಿಗಿಂತ ದೊಡ್ಡ ವಿರೋಧ ಬಂದಿದ್ದು ನಮ್ಮಕ್ಕನಿಂದ. ಅವಳದ್ದು ನಿಜವಾದ ಭಯ. "ಜನ ತುಳಿದು ಸತ್ತಿದ್ದು ಮರೆತ್ಯಾ?" ಅಂದಳು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಪ್ ಗೆದ್ದ ಸಂಭ್ರಮಕ್ಕೆ ಬಂದ ಜನದಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಗಟ್ಟಿಮುಟ್ಟಾಗಿದ್ದವರೇ ಉಸಿರು ಕಟ್ಟಿ ಹೋದ ಕಡೆ ನಮ್ಮಪ್ಪನಂಥವರ ಕಥೆ ಏನು? ಅಕ್ಕನ ಪ್ರಶ್ನೆಗೆ "ಏನಾಗಲ್ಲ ಬಿಡು" ಅಂತ ಉತ್ತರ ಕೊಡೋಕಾಗಲ್ಲ. ಏನೇನು ಮಾಡಿದ್ವಿ ಅಂತ ಹೇಳ್ತೀನಿ, ನಿಮ್ಮ ಮನೇಲೂ ಇಂಥ ಹಿರಿಯರಿದ್ರೆ ಉಪಯೋಗಕ್ಕೆ ಬರಲಿ.

ಮೊದಲನೇದು, ದೊಡ್ಡ ಮ್ಯಾಚ್ ಬಿಟ್ವಿ. ಫೈನಲ್ಲು, ಸ್ಟಾರ್ ಆಟಗಾರರು ಬರೋ ಮ್ಯಾಚು, ಫ್ರೀ ಎಂಟ್ರಿ ಅಂತ ಕೂಗೋ ಮ್ಯಾಚು, ಇವು ಬೇಡ. ವಾರದ ಮಧ್ಯದ ಸಾಧಾರಣ ಲೀಗ್ ಮ್ಯಾಚ್ ನೋಡಿಕೊಂಡೆ. ಅಪ್ಪನಿಗೆ ಯಾವ ಟೀಮ್ ಆದ್ರೂ ಒಂದೇ, ಹುಲ್ಲು ಕಾಣಬೇಕು ಅಷ್ಟೇ. ಎರಡು ದಿನ ಮೊದಲೇ ನಾನೊಬ್ಬನೇ ಹೋಗಿ ಗೇಟ್ ಎಲ್ಲಿ, ಆಟೊ ಎಲ್ಲಿವರೆಗೆ ಬಿಡ್ತಾರೆ, ಟಾಯ್ಲೆಟ್ ಎಲ್ಲಿ ಅಂತ ನೋಡ್ಕೊಂಡು ಬಂದೆ. ವಿಚಾರಣೆಗೆ ಫೋನ್ ಮಾಡಿದ್ರೆ "ವೀಲ್‌ಚೇರ್‌ಗೆ ಸಪರೇಟ್ ವ್ಯವಸ್ಥೆ ಇದೆ ಸರ್" ಅಂದಿದ್ರು. ಹೋಗಿ ನೋಡಿದ್ರೆ ಆ ವ್ಯವಸ್ಥೆಗೆ ಬೀಗ, ಬೀಗದ ಕೈ ಇರೋರು ಮ್ಯಾಚ್ ದಿನ ಬರ್ತಾರಂತೆ. ಮ್ಯಾಚ್ ದಿನ ಅವರೂ ಬರಲಿಲ್ಲ. ಲಿಫ್ಟ್ ಇದೆ, ಅದು ವಿಐಪಿಗಳಿಗೆ. "ಮೇಲಿಂದ ಪರ್ಮಿಷನ್ ಬೇಕು" ಅಂದ್ರು. ಮೇಲಿರೋರಿಗೆ ಕೆಳಗಿಂದ ಫೋನ್ ಹೋಗ್ಲಿಲ್ಲ.

ಆಟ ಶುರುವಾಗೋಕೆ ಒಂದೂಕಾಲು ಗಂಟೆ ಮೊದಲೇ ಸೇರಿಕೊಂಡ್ವಿ. ಇದು ಮುಖ್ಯ. ನೂಕುನುಗ್ಗಲು ಇರೋದು ಕೊನೆಯ ಇಪ್ಪತ್ತು ನಿಮಿಷದಲ್ಲಿ. ವಾಪಸ್ ಬರೋವಾಗಲೂ ಹಾಗೇ, ಸೀಟಿ ಊದಿದ ತಕ್ಷಣ ಏಳಲಿಲ್ಲ. ಅರ್ಧ ಗಂಟೆ ಅಲ್ಲೇ ಕೂತಿದ್ವಿ, ಲೈಟ್ ಆರಿಸೋ ಹೊತ್ತಿಗೆ ಹೊರಟ್ವಿ. ಜೇಬಲ್ಲಿ ಒಂದು ಚೀಟಿ ಇಟ್ಟಿದ್ದೆ: ಹೆಸರು, ನನ್ನ ನಂಬರ್, ಬಿಪಿ ಶುಗರ್ ಮಾತ್ರೆಗಳ ಹೆಸರು. ಡಾಕ್ಟರ್ ಚೀಟಿಯ ಜೆರಾಕ್ಸ್ ಇರಲಿ, ಗೇಟಲ್ಲಿ ಮಾತ್ರೆ ಡಬ್ಬಿ ತಡೆದಾಗ ಅದೇ ಕೆಲಸಕ್ಕೆ ಬಂದಿದ್ದು. ನೀರಿನ ಬಾಟಲಿ ಒಳಗೆ ಬಿಡಲ್ಲ. ಶುಗರ್ ಇರೋರಿಗೆ ಸಕ್ಕರೆ ಕಮ್ಮಿ ಆದ್ರೆ ಅಂತ ನಾಲ್ಕು ಕಲ್ಲುಸಕ್ಕರೆ ಮಗನ ಜೇಬಲ್ಲಿತ್ತು. ಉಣ್ಣೆ ಟೋಪಿ ಮರೀಬೇಡಿ, ಸಂಜೆ ಗಾಳಿ ಬೀಸುತ್ತೆ.

ಆಮೇಲೆ ಯಾರೂ ಬಾಯಿಬಿಟ್ಟು ಹೇಳದ ವಿಷಯ, ಮೂತ್ರ. ಎಷ್ಟೋ ಹಿರಿಯರು ಹೊರಗೆ ಬರೋದನ್ನ ಬಿಡೋದು ಮಂಡಿ ನೋವಿಗಲ್ಲ, ಇದಕ್ಕೆ. ದೊಡ್ಡವರ ಡೈಪರ್ ಅಂತ ಬರುತ್ತೆ, ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ. ಅಪ್ಪ ಮೊದಲು ಬೇಡವೇ ಬೇಡ ಅಂದ. "ನಾನೇನು ಕೂಸಾ?" ಅಂತ ಮುಖ ತಿರುಗಿಸಿದ. ಮೂರು ದಿನ ಮಾತೇ ಇಲ್ಲ. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಮೊಮ್ಮಗ. "ತಾತ, ಗೋಲ್‌ಕೀಪರ್ ಗ್ಲೌಸ್ ಹಾಕ್ಕೊಳ್ಳಲ್ವಾ, ಪ್ಯಾಡ್ ಹಾಕ್ಕೊಳ್ಳಲ್ವಾ, ಇದೂ ಒಂದು ಪ್ಯಾಡು" ಅಂದ. ಅಪ್ಪ ಜೋರಾಗಿ ನಕ್ಕುಬಿಟ್ಟ. ಮಾನದ ಪ್ರಶ್ನೆ ಅಂತ ನಾವು ಗಂಭೀರವಾಗಿ ಮಾತಾಡಿದಷ್ಟೂ ಅವರಿಗೆ ಕುಗ್ಗುತ್ತೆ. ಹುಡುಗರಿಗೆ ಬಿಡಿ ಆ ಕೆಲಸ.

ನಮ್ಮ ಕಾಲೋನಿ ಸಂಘದ ಗಾಲಿಕುರ್ಚಿ ಹಳೇದು, ಕಬ್ಬಿಣದ್ದು, ಅದನ್ನ ಹೊತ್ತು ಮೆಟ್ಟಿಲು ಹತ್ತೋಕಾಗಲ್ಲ. ಗೇಟ್ ಹತ್ರ ಇದ್ದ ಸೆಕ್ಯುರಿಟಿ ಹುಡುಗ ತಾನು ಕೂರೋ ಪ್ಲಾಸ್ಟಿಕ್ ಕುರ್ಚಿನೇ ತಂದ. ಉತ್ತರ ಕರ್ನಾಟಕದ ಕಡೆ ಹುಡುಗ, ಗುತ್ತಿಗೆ ಕೆಲಸ, ಹನ್ನೆರಡು ಗಂಟೆ ಡ್ಯೂಟಿ. "ಅಜ್ಜಾರ, ಗಟ್ಟಿ ಹಿಡ್ಕೋರಿ, ಕಾಲ್ ಇತ್ಲಾಗ ಇಡ್ರಿ" ಅಂತ ಹೇಳಿ ಎತ್ತೇಬಿಟ್ಟ. ಆ ಫೋಟೊದಲ್ಲಿ ಅವನ ಮುಖ ಅರ್ಧ ಕಾಣುತ್ತೆ. ಶ್ರವಣಕುಮಾರ ಅಂತ ಅವನನ್ನ ಯಾರೂ ಕರೆದಿಲ್ಲ, ಗಮನಿಸಿದ್ರಾ? ಕುರ್ಚಿ ಕೊಟ್ಟಿದ್ದಕ್ಕೆ ಅವನು ಮ್ಯಾಚ್ ಮುಗಿಯೋವರೆಗೆ ನಿಂತೇ ಇದ್ದ. ವಿರಾಮದಲ್ಲಿ ಬೀಗ ಹಾಕಿದ್ದ ಟಾಯ್ಲೆಟ್ ತೆಗೆದುಕೊಟ್ಟಿದ್ದು ಅಲ್ಲಿ ಕ್ಲೀನಿಂಗ್ ಮಾಡೋ ಒಬ್ಬ ಹೆಣ್ಣುಮಗಳು. "ನಮ್ಮಪ್ಪನೂ ಗುಡಿಸೋ ಕೆಲಸದಲ್ಲೇ ಇದ್ದಿದ್ದು ಅಣ್ಣ, ಬೇಗ ಹೋಗ್ಬನ್ನಿ" ಅಂದ್ರು. ಪರ್ಮಿಷನ್ ಕೊಡೋ ಅಧಿಕಾರ ಇರೋರು ಕೊಡಲಿಲ್ಲ. ಅಧಿಕಾರ ಇಲ್ಲದವರು ಕೆಲಸಕ್ಕೆ ಕುತ್ತು ಬಂದ್ರೂ ಬರಲಿ ಅಂತ ಕೊಟ್ರು.

ಮ್ಯಾಚ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಒಂದೊಂದು ಗೋಲು, ಡ್ರಾ. ಅಪ್ಪನಿಗೆ ಒಂದು ಕಣ್ಣಿನ ಪೊರೆ ತೆಗೆದಿದೆ, ಇನ್ನೊಂದು ಮಂಜು. ಚೆಂಡು ಎಲ್ಲಿದೆ ಅಂತ ನಾನು ಹೇಳೋಕೆ ಹೋದ್ರೆ "ಸುಮ್ನಿರೋ, ಜನ ಎಲ್ಲಿ ತಿರುಗ್ತಾರೋ ಅಲ್ಲಿರುತ್ತೆ ಚೆಂಡು" ಅಂದ. ಎಡಗಡೆ ವಿಂಗಲ್ಲಿ ಆಡ್ತಿದ್ದ ಒಬ್ಬ ಹುಡುಗನ್ನ ಮಾತ್ರ ಬಹಳ ಹೊತ್ತು ನೋಡಿ, "ಇವನು ಚೆಂಡು ನೋಡ್ತಾನೆ, ಜೊತೆಗಾರನ್ನ ನೋಡಲ್ಲ" ಅಂತ ತೀರ್ಪು ಕೊಟ್ಟ. ಆ ಹುಡುಗನನ್ನ ಎಪ್ಪತ್ತನೇ ನಿಮಿಷಕ್ಕೆ ಹೊರಗೆ ಕರೆದ್ರು. ಅಪ್ಪ ನನ್ನ ಕಡೆ ನೋಡಿದ ನೋಟ ನೋಡಬೇಕಿತ್ತು! ಮೈಸೂರು ರಾಜ್ಯ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಕಾಲದ ಕಥೆಯೆಲ್ಲ ಪಕ್ಕದ ಸೀಟಿನ ಕಾಲೇಜು ಹುಡುಗರಿಗೆ ಹೇಳಿದ. ಆಮೇಲೆ 54 ವರ್ಷ ಕಾದು 2023ರ ಮಾರ್ಚಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿದ್ದು ಆ ಹುಡುಗರಿಗೆ ಗೊತ್ತಿತ್ತು, ಅದಕ್ಕೆ ಅಪ್ಪನಿಗೆ ಖುಷಿಯೋ ಖುಷಿ. ಗೋಲು ಬಿದ್ದಾಗ ಅವರಲ್ಲೊಬ್ಬ ಅಪ್ಪನ ಹೆಗಲ ಮೇಲೆ ಕೈ ಹಾಕಿದ.

ಈಗ ಲೆಕ್ಕಕ್ಕೆ ಬರೋಣ, ಕ್ಲರ್ಕ್ ಅಲ್ವಾ ನಾನು. 2021ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಇಳಿಜಾರು 1:12 ಇರಬೇಕು. ಅಂದ್ರೆ ಒಂದಡಿ ಏರೋಕೆ ಹನ್ನೆರಡಡಿ ಉದ್ದ. 23 ಮೆಟ್ಟಿಲು, ಒಂದೊಂದು ಆರು ಇಂಚು ಅಂತ ಹಿಡಿದ್ರೆ ಹನ್ನೊಂದೂವರೆ ಅಡಿ ಎತ್ತರ. ಇಳಿಜಾರು 138 ಅಡಿ ಆಗುತ್ತೆ, ಮಧ್ಯೆ ದಣಿವಾರಿಸೋ ಸಮತಟ್ಟು ಜಾಗ ಬೇರೆ. ಜಾಗ ಬೇಕು, ದುಡ್ಡು ಬೇಕು, ಒಪ್ತೀನಿ. ಆದ್ರೆ ಮೈದಾನದ ಮಟ್ಟದಲ್ಲೇ, ಟ್ರ್ಯಾಕ್ ಪಕ್ಕದಲ್ಲಿ, ಮಳೆಗೆ ಒಂದು ಶೀಟ್ ಹೊದಿಸಿ ಇಪ್ಪತ್ತು ಜನಕ್ಕೆ ಜಾಗ ಮಾಡೋಕೆ ಎಷ್ಟು ಖರ್ಚು? ಆಂಬುಲೆನ್ಸ್ ಹೋಗೋ ಗೇಟ್ ಹೇಗೂ ನೆಲದ ಮಟ್ಟದಲ್ಲೇ ಇರುತ್ತೆ. ಅದೇ ದಾರಿಯಲ್ಲಿ ಆಟ ಶುರುವಾಗೋ ಮೊದಲು ಬಿಡಬಹುದು. ಜೊತೆಗೆ ಬರೋ ಒಬ್ಬರಿಗೆ ಟಿಕೆಟ್ ಮಾಫಿ ಮಾಡಬಹುದು. ಇಂಗ್ಲೆಂಡಿನ ಎಷ್ಟೋ ಕ್ಲಬ್ಬುಗಳು ಮಾಡ್ತಾವೆ, 2022ರ ಕತಾರ್ ವರ್ಲ್ಡ್ ಕಪ್ಪಲ್ಲೂ ಮಾಡಿದ್ರು. ಅದೂ ಬೇಡ, ಇರೋ ಲಿಫ್ಟನ್ನ ವಿಐಪಿ ಬರೋಕೆ ಮೊದಲು ಅರ್ಧ ಗಂಟೆ ಬಿಡಿ. ಇದಕ್ಕೆ ಟೆಂಡರ್ ಬೇಕಾ?

ನಾಳೆ ಆರ್‌ಟಿಐ ಹಾಕ್ತಿದ್ದೀನಿ. ಹತ್ತು ರೂಪಾಯಿ, 150 ಪದದೊಳಗೆ, ಒಂದೇ ವಿಷಯ. (ಈ ಪೋಸ್ಟಿನಷ್ಟು ಉದ್ದ ಬರೆದ್ರೆ ತಿರಸ್ಕಾರ ಮಾಡ್ತಾರೆ, ಗೊತ್ತು.) ನಗರದ ಸರ್ಕಾರಿ ಸ್ಟೇಡಿಯಂಗಳಲ್ಲಿ ಗಾಲಿಕುರ್ಚಿಗೆ ಅಂತ ಎಷ್ಟು ಜಾಗ ಇದೆ, ಜೂನ್ 2022ರ ಗಡುವಿನೊಳಗೆ ಏನು ಬದಲಾವಣೆ ಆಯ್ತು, ಅಷ್ಟೇ ಕೇಳಿರೋದು. 30 ದಿನದಲ್ಲಿ ಉತ್ತರ ಕೊಡಬೇಕು. ಬಂದಿದ್ದನ್ನ ಹಾಗೇ ಇಲ್ಲಿ ಹಾಕ್ತೀನಿ. ನೀವೂ ನಿಮ್ಮ ಜಿಲ್ಲೆಯ ಕ್ರೀಡಾಂಗಣಕ್ಕೆ, ರಂಗಮಂದಿರಕ್ಕೆ ಹಾಕಿ, ಮಾದರಿ ಅರ್ಜಿ ಬೇಕಾದ್ರೆ ಕಳಿಸ್ತೀನಿ. ಅಂಬೇಡ್ಕರ್ ಭವನಗಳನ್ನ ಬಿಡಬೇಡಿ. ನಾನು ಭಾಷಣಕ್ಕೆ ಹೋದ ಎಷ್ಟೋ ಭವನಗಳಲ್ಲಿ ವೇದಿಕೆಗೆ ಐದಾರು ಮೆಟ್ಟಿಲಿದೆ, ಇಳಿಜಾರಿಲ್ಲ, ಸನ್ಮಾನಕ್ಕೆ ಕರೆದ ಹಿರಿಯರನ್ನ ಕಂಕುಳಿಗೆ ಕೈ ಕೊಟ್ಟು ಎಳೀತೀವಿ. ಅದು ನಮ್ಮದೇ ಮನೆ, ಅಲ್ಲಿ ಯಾರ ಪರ್ಮಿಷನ್ನೂ ಬೇಕಿಲ್ಲ.

ಅಪ್ಪ ಮುಂದಿನ ಮ್ಯಾಚ್ ಯಾವಾಗ ಅಂತ ದಿನಾ ಕೇಳ್ತಿದ್ದಾನೆ. ಬರೋ ತಿಂಗಳು ಒಂದಿದೆ, ಈ ಸಲ ನಮ್ಮ ಕಾಲೋನಿಯ ಇನ್ನೂ ಇಬ್ಬರು ಹಿರಿಯರು ಬರ್ತೀವಿ ಅಂದಿದ್ದಾರೆ, ಅದರಲ್ಲಿ ಒಬ್ಬರು ನಮ್ಮ ದೊಡ್ಡಮ್ಮ, ಫುಟ್‌ಬಾಲ್ ಅಂದ್ರೆ ಏನು ಅಂತಲೂ ಗೊತ್ತಿಲ್ಲ, ಲೈಟ್ ನೋಡ್ತೀನಿ ಅಂತಾರೆ. ಸಂಘದಲ್ಲಿ ಗಾಲಿಕುರ್ಚಿ ಒಂದೇ ಇರೋದು. ಮಡಚೋ ಥರದ್ದು, ಹಗುರವಾದದ್ದು ಯಾರ ಮನೇಲಾದ್ರೂ ಉಪಯೋಗವಿಲ್ಲದೆ ಇದ್ರೆ ಒಂದು ದಿನದ ಮಟ್ಟಿಗೆ ಕೊಡಿ, ನಾನೇ ಬಂದು ತಗೊಂಡು ಹೋಗಿ ವಾಪಸ್ ತಲುಪಿಸ್ತೀನಿ. ಎತ್ತೋಕೆ ಇಬ್ಬರು ಗಟ್ಟಿ ಹುಡುಗರೂ ಬೇಕು. ಟಿಕೆಟ್ ನನ್ನದು, ಟೀ ನಿಮ್ಮದು.

ಜೈಭೀಮ್.